ಅಮ್ಮನ ಸೊಂಟದ ತಾಲೀಮು

ಮನೆ, ಹಿಂದಿನ ಕೋಣೆ
ಭಾನುವಾರ, ಹನ್ನೆರಡನೆಯ ತಾರೀಕು, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಕ್ರೇನಿನ ಕೆಳಗೆ ನಿಂತು ದಿನವಿಡೀ ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿದೆ ಎಂದು ಕಳೆದ ಸಲ ನೀನು ಬರೆದಿದ್ದೆ. ಬಿಸಿನೀರಿನ ಶಾಖ ಕೊಟ್ಟುಕೊ, ಧೂಳೆದ್ದಾಗ ಮುಖಕ್ಕೆ ಬಟ್ಟೆ ಕಟ್ಟಿಕೊ. ಗಂಟಲು ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ. ನಿನ್ನ ಗಂಟಲಿಗೆ ಏನೂ ಆಗುವುದಿಲ್ಲವೆಂದು ಈ ಬೀದಿಗೇ ಗೊತ್ತು. ನೀನು ಸೇತುವೆ ಕಟ್ಟಲು ಹೋಗಿ ಇಷ್ಟು ಕಾಲವಾದರೂ ಎದುರುಮನೆಯವರು "ನಿಮ್ಮ ಮೈಕು ಯಾವಾಗ ಬರುತ್ತೆ?" ಎಂದೇ ವಿಚಾರಿಸುವುದು. ಇಲ್ಲಿ ನಾವೆಲ್ಲ ಕ್ಷೇಮ. ಹಾಗೆ ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಈ ಮನೆಯಲ್ಲಿ ಯಾರು ಎಷ್ಟು ಕ್ಷೇಮವಾಗಿದ್ದಾರೆ ಎಂಬುದೇ ಕೆಲವು ವಾರಗಳಿಂದ ನನಗೆ ತಿಳಿಯದಾಗಿತ್ತು. ತಿಳಿದುಕೊಂಡ ಮೇಲೆ ನಿನಗೆ ಬರೆಯೋಣ ಎಂದು ಕಾದೆ. ಈಗ ತಿಳಿದಿದೆ, ಮುಕ್ಕಾಲು ಪಾಲು. ಉಳಿದ ಕಾಲು ಪಾಲು ನಿನ್ನ ಹತ್ತಿರ ಇದೆ ಎಂದು ನನ್ನ ಅನುಮಾನ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಎನ್ನುತ್ತೇನೆ, ಹಿಂದೆ ಕಾಂಕ್ರೀಟಿನ ಯಂತ್ರ ಗುರುಗುಟ್ಟುತ್ತದೆ. ಕೊನೆಗೆ "ಸರಿ ಬಾಯಿಬೀಗ, ಇಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದ ಕಂಡರೆ ಮಾತ್ರ ನನ್ನ ಬೀಗ ತೆರೆದುಕೊಳ್ಳುತ್ತದೆ. ಅದೂ ಅಲ್ಲದೆ ನಡುಮನೆಯಲ್ಲಿ ನಾನು ನಾಲ್ಕು ಮಾತು ಒಟ್ಟಿಗೆ ಆಡಿದರೆ ಮೂರು ಜನ ಕೈಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಾರೆ. ಅಂಥ ಸಭೆಯಲ್ಲಿ ಇಂಥ ವಿಷಯ ಹೇಳುವುದು ಹೇಗೆ?

ಮೊದಲಿಂದ ಹೇಳುತ್ತೇನೆ. ಅಮ್ಮನಿಗೆ ಸೊಂಟದ ಆಪರೇಷನ್ ಎಂಬುದು ನಿನಗೆ ಗೊತ್ತು. "ಕೀಲು ಸವೆದಿದೆ, ಹೊಸದು ಹಾಕ್ತಾರೆ, ಮುಗೀತು" ಎಂದು ಅವಳು ನಮಗೆ ಹೇಳಿದ್ದು ಬಾಗಿಲಿನ ಹಿಡಿ ಬದಲಾಯಿಸುವ ಸುದ್ದಿಯ ಹಾಗೆ. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ. ಸೂಜಿ ಮೊಂಡಾಗಿದೆ ಎಂದು ವಾರಗಟ್ಟಲೆ ಗೊಣಗುವ ಹೆಂಗಸು ಅವಳು. ಮೂಳೆ ಕತ್ತರಿಸುವ ವಿಷಯವನ್ನು ಅಷ್ಟು ಹಗುರವಾಗಿ ಹೇಳಿದರೆ ನಂಬುವುದೆಂತು? ಎಕ್ಸ್‌ರೇ ತರಲು ಹೋದ ದಿನ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ಮಧ್ಯೆ ನಿಂತು "ತಾಳೇ, ಇದೇನೋ ಬರ್ದಿದಾರೆ, ಓದ್ಕೊಂಡು ಹೋಗೋಣ" ಎಂದಳು. ಗೋಡೆಯ ಮೇಲೆ ಇದ್ದದ್ದು "ಇಲ್ಲಿ ಉಗುಳಬಾರದು" ಎಂಬ ಹಲಗೆ. ಅದನ್ನು ಓದಲು ಅಮ್ಮ ತೆಗೆದುಕೊಂಡ ಸಮಯದಲ್ಲಿ ನಾನು ಒಂದು ಸಣ್ಣ ಕಾದಂಬರಿಯ ಮೊದಲ ಅಧ್ಯಾಯ ಮುಗಿಸುತ್ತಿದ್ದೆ. ಸೊಂಟ ನೋಯುವವರು ಸೊಂಟ ಹಿಡಿದುಕೊಳ್ಳುತ್ತಾರೆ. ಅಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ತುಟಿ ಬಿಳಿಚಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ನೋಡಿ, "ಯಾರೋ ಪಾಪ, ಅಕ್ಷರ ಚೆನ್ನಾಗಿ ಬರ್ದಿದಾರೆ" ಎಂದಳು.

ಅಂದಿನಿಂದ ನಾನು ಮನೆಯಲ್ಲಿ ಪತ್ತೇದಾರಳಾದೆ. ಪದವಿ ಮುಗಿಸಿ ಕೆಲಸ ಸಿಗದೆ ಕೂತವಳಿಗೆ ಇನ್ನೇನು ಕೆಲಸ? ಮಂಚದ ಪಕ್ಕದ ಚಾಪೆ, ನಡುಮನೆಯ ಕಂಬಳಿ, ಬಚ್ಚಲ ಬಾಗಿಲಿನ ಕಾಲೊರಸು ಎಲ್ಲ ಒಂದೇ ಬೆಳಿಗ್ಗೆ ಮಾಯವಾದವು. ಕಾಲಿಗೆ ಸಿಕ್ಕಿ ಬೀಳುವಂಥದ್ದು ಏನೂ ಇರಕೂಡದಂತೆ. ಅಪ್ಪ ಎತ್ತರದ ಕುರ್ಚಿಯ ಕಾಲುಗಳಿಗೆ ಮರದ ದಿಮ್ಮಿ ಹೊಡೆದು ಇನ್ನೂ ಎತ್ತರ ಮಾಡಿದ, ಅಮ್ಮ ಮಂಡಿಯನ್ನು ಸೊಂಟಕ್ಕಿಂತ ಮೇಲೆ ತರಬಾರದು ಎಂದು. ಈಗ ಆ ಕುರ್ಚಿಯಲ್ಲಿ ಕೂತರೆ ಊರಿಗೆಲ್ಲ ನ್ಯಾಯ ಹೇಳುವವರ ಹಾಗೆ ಕಾಣಿಸುತ್ತೇವೆ. ಅಡುಗೆಮನೆಯ ಡಬ್ಬಿಗಳೆಲ್ಲ ಮೇಲಿನ ಹಲಗೆಯಿಂದ ಇಳಿದು, ಕೆಳಗಿನ ಗೂಡಿನಿಂದ ಏರಿ, ಸೊಂಟದ ಮಟ್ಟದಲ್ಲಿ ಕಿಕ್ಕಿರಿದು ನಿಂತಿವೆ. ಬಗ್ಗುವ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ, ಮಲಗಿದಾಗ ಎರಡು ಕಾಲಿನ ನಡುವೆ ದಿಂಬು. ಅತ್ತೆ, ಅಂದರೆ ನಮ್ಮ ಲಾಂಡ್ರಿ ಅತ್ತೆ, ಆರೈಕೆಗೆಂದು ಈಗಲೇ ಬಂದು ಬೀಡುಬಿಟ್ಟಿದ್ದಾಳೆ. ಆ ದಿಂಬಿನ ಚೀಲಕ್ಕೂ ಇಸ್ತ್ರಿ ಹಾಕಿ ಗೆರೆ ಮೂಡಿಸಿದ್ದಾಳೆ. ಆಪರೇಷನ್ ಇರುವುದು ಮುಂದಿನ ತಿಂಗಳು!

ಇಷ್ಟಾದರೆ ಮುಂದಾಲೋಚನೆ ಎನ್ನಬಹುದಿತ್ತು. ಆದರೆ ನಮ್ಮ ಅಮ್ಮ ಪ್ರಾಂಪ್ಟರ್ ಅಲ್ಲವೇ? ಇಷ್ಟು ವರ್ಷ ರಂಗದ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಟ್ಟವಳು. ತಾಲೀಮು ಆಗದ ಯಾವುದೂ ಜನರ ಮುಂದೆ ಬರಬಾರದು ಎಂಬುದು ಅವಳ ಧರ್ಮ. ಹೋದ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ನಮ್ಮನ್ನೆಲ್ಲ ನಡುಮನೆಯಲ್ಲಿ ನಿಲ್ಲಿಸಿ, ತಾನು ವಾಸಿಯಾಗುವುದರ ತಾಲೀಮು ಇವತ್ತಿನಿಂದ ಶುರು ಎಂದಳು. ನಗಬೇಡ. ಆಸ್ಪತ್ರೆಯಿಂದ ಬಾಡಿಗೆಗೆ ತಂದ ವಾಕರ್ ಹಿಡಿದು, ಹೊಸ ಕೀಲು ಹಾಕಿಸಿಕೊಂಡವಳ ಹಾಗೆ ಅವಳು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ ನಡೆಯುವುದು. ಮಿಕ್ಕವರು ತಮ್ಮ ತಮ್ಮ ಜಾಗದಲ್ಲಿ ನಿಂತು ತಮ್ಮ ಕೆಲಸ ಮಾಡುವುದು. ಅಪ್ಪನಿಗೆ ಬಸ್ಸು ಓಡಿಸುವುದು ಬಿಟ್ಟು ಬೇರೆ ಏನು ಗೊತ್ತು? ಅಮ್ಮ ಕುರ್ಚಿಯ ಕಡೆಗೆ ಹಿಮ್ಮುಖವಾಗಿ ಬರುವಾಗ ಪಕ್ಕದಲ್ಲಿ ನಿಂತು ಕೈಬೀಸುತ್ತಾನೆ: "ಬರ್ಲಿ, ಬರ್ಲಿ, ಇನ್ನೊಂಚೂರು ಬರ್ಲಿ, ಹೋಲ್ಡಾನ್!" ಅಮ್ಮ ಅರ್ಧಕ್ಕೆ ನಿಂತು, "ನಾನೇನು ನಿಮ್ಮ ಡಿಪೋ ಬಸ್ಸಾ?" ಎಂದರೆ, "ಡಿಪೋ ಬಸ್ಸು ಹೇಳಿದ ಮಾತು ಕೇಳ್ತಿತ್ತು ಮಾರಾಯ್ತಿ" ಎನ್ನುತ್ತಾನೆ. ಅತ್ತೆ ನಗುತ್ತಾ ನಗುತ್ತಾ ತನ್ನ ಜಾಗ ಬಿಟ್ಟು ಸರಿದಳೆಂದರೆ ಅಮ್ಮ ಕಣ್ಣಲ್ಲೇ ನೆಲ ತೋರಿಸುತ್ತಾಳೆ. ಯಾಕೆಂದರೆ ನೆಲದ ಮೇಲೆ ಟೇಪಿನ ಗುರುತುಗಳಿವೆ.

ಟೇಪಿನ ವಿಷಯಕ್ಕೇ ಬರುತ್ತಿದ್ದೆ. ನಾಟಕದವರು ಯಾವ ನಟ ಎಲ್ಲಿ ನಿಲ್ಲಬೇಕೆಂದು ರಂಗದ ಮೇಲೆ ಬಣ್ಣದ ಟೇಪು ಅಂಟಿಸುತ್ತಾರಲ್ಲ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಹಾಗೆಯೇ ನಮ್ಮ ಮನೆಯ ನೆಲದ ಮೇಲೂ ಅಂಟಿಸಿದ್ದಾಳೆ. ಅಮ್ಮನದು ನೀಲಿ. ಅಪ್ಪನದು ಹಸಿರು: ಕುರ್ಚಿಯ ಬಲಕ್ಕೆ, ಒಲೆಯ ಮುಂದೆ, ಬಚ್ಚಲ ಬಾಗಿಲಲ್ಲಿ. ಅತ್ತೆಯದು ಹಳದಿ: ಮಂಚದ ಕಾಲಬುಡದಲ್ಲಿ, ಔಷಧಿಯ ಮೇಜಿನ ಪಕ್ಕ. ನಾನು ನನ್ನ ಬಣ್ಣ ಹುಡುಕಿದೆ. ಬೆಳಿಗ್ಗೆ ಕಸ ಗುಡಿಸುವ ನೆಪದಲ್ಲಿ ಮಂಚದ ಕೆಳಗೂ ಇಣುಕಿದೆ. ನನಗೆ ಒಂದು ಚೂರು ಟೇಪೂ ಇರಲಿಲ್ಲ. ಇದ್ದದ್ದು ಕೆಂಪು. ಮಂಚದ ತಲೆಯ ಕಡೆ, ಹೊರಬಾಗಿಲಿನ ಮೆಟ್ಟಿಲ ಹತ್ತಿರ, ಎತ್ತಿ ಹಿಡಿಯಬೇಕಾದ ಕಡೆಯೆಲ್ಲ ಕೆಂಪು. ಎಡಗಾಲು ಬಲಗಾಲಿನ ಗುರುತುಗಳ ನಡುವೆ ನನ್ನಂಥವರು ಇಬ್ಬರು ನಿಲ್ಲುವಷ್ಟು ಅಗಲ. ಅತ್ತೆಯನ್ನು ಕೇಳಿದರೆ, "ಅದಾ? ಅದು ಹಾಗೇ... ಟೇಪು ಮಿಕ್ಕಿತ್ತು" ಎಂದಳು. ಅತ್ತೆ ಸುಳ್ಳು ಹೇಳುವಾಗ ಬಟ್ಟೆ ಮಡಿಸಲು ಕೈ ಹುಡುಕುತ್ತದೆ. ಆಗ ಕೈಗೆ ಸಿಕ್ಕಿದ್ದು ನೆಲ ಒರೆಸುವ ಬಟ್ಟೆ, ಅದನ್ನೇ ನಾಲ್ಕು ಮಡಿಕೆ ಮಾಡಿದಳು.

ಯಾರು ಈ ಕೆಂಪು? ಬಾಡಿಗೆಗೆ ಯಾರನ್ನೋ ಗೊತ್ತುಮಾಡಿದ್ದಾರೆ ಎಂದುಕೊಂಡೆ. ಗೊತ್ತಿಲ್ಲದ ಯಾರೋ ಒಬ್ಬರು ನಮ್ಮ ಮನೆಯಲ್ಲಿ, ನನ್ನ ಅಮ್ಮನ ತಲೆಯ ಹತ್ತಿರ ನಿಲ್ಲುತ್ತಾರೆ, ನಾನು ಗೋಡೆಗೆ ಒರಗಿಕೊಂಡು ನೋಡಬೇಕು ಎಂದು ಎಣಿಸಿ ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ತಾಲೀಮಿನಲ್ಲಿ ಗುಟ್ಟು ರಟ್ಟಾಯಿತು. ಅತ್ತೆ ಕೆಂಪು ಗುರುತಿನ ಮೇಲೆ ನಿಂತು ಬದಲಿ ಪಾತ್ರ ಮಾಡುತ್ತಿದ್ದಳು. ಅಮ್ಮ ಎದ್ದು ಕೂರಲು ಅವಳ ತೋಳು ಹಿಡಿದು, ತನಗೆ ತಾನೇ ಅನ್ನುವ ಹಾಗೆ, "ಇಲ್ಲಿ ಕೆಂಪು ಕೂಗಬಾರದು. ಅವನಿಗೆ ಮೊದಲೇ ಹೇಳ್ಬೇಕು, ಕೂಗಬಾರದು ಅಂತ" ಎಂದಳು. ಅಣ್ಣಾ, ಈ ಲೋಕದಲ್ಲಿ ಕೂಗಬಾರದೆಂದು ಮೊದಲೇ ಹೇಳಿಸಿಕೊಳ್ಳಬೇಕಾದವನು ನಮಗೆ ಗೊತ್ತಿರುವಂತೆ ಒಬ್ಬನೇ. ರಜೆ ಯಾವಾಗ ಮಂಜೂರಾಯಿತು? "ಈ ವರ್ಷ ಕಷ್ಟ ಕಣೇ, ಕಂಬಗಳು ಏಳ್ತಿವೆ" ಎಂದು ನನಗೆ ಬರೆದೆಯಲ್ಲ, ಆಗಲೇ ನಿನ್ನ ಜೇಬಿನಲ್ಲಿ ರಜೆ ಇತ್ತೇ? ನೀನು ಬರುವುದು ನನಗೆ ಸಂತೋಷವಲ್ಲದೆ ಇನ್ನೇನು! ಆದರೆ ನನ್ನಿಂದ ಮುಚ್ಚಿಟ್ಟದ್ದು ಏಕೆ ಎಂಬ ಪ್ರಶ್ನೆ ಮುಳ್ಳಿನ ಹಾಗೆ ಕೂತಿತು. ಬರೀ ಸೊಂಟಕ್ಕಾದರೆ ಅಷ್ಟು ದೂರದಿಂದ ನಿನ್ನನ್ನು ಗುಟ್ಟಾಗಿ ಕರೆಸುತ್ತಾರೆಯೇ?

ಆಮೇಲೆ ಒಂದರ ಮೇಲೊಂದು. ಒಂದು ಮಧ್ಯಾಹ್ನ ಅತ್ತೆ ಏನೂ ಸಂಬಂಧವಿಲ್ಲದೆ "ನಿನ್ನ ಪಾದ ನನ್ನಷ್ಟೇ ಇದ್ಯಾ?" ಎಂದು ತನ್ನ ಪಾದವನ್ನು ನನ್ನ ಪಾದದ ಪಕ್ಕಕ್ಕೆ ಇಟ್ಟು ನೋಡಿದಳು. ಮಾರನೆಯ ದಿನ ಅಮ್ಮನ ಬೀರುವಿನಲ್ಲಿ, ಟವೆಲುಗಳ ಹಿಂದೆ, ಹೊಸ ಪಾದರಕ್ಷೆಯ ಪೆಟ್ಟಿಗೆ ಕಂಡಿತು. ತೆರೆದರೆ ಮೆತ್ತನೆಯ ತಳದ, ಬೂದು ಬಣ್ಣದ ಜೋಡಿ, ಅಮ್ಮನ ಹೆಬ್ಬೆರಳೂ ತೂರದಷ್ಟು ಚಿಕ್ಕದು. ಅಡುಗೆಮನೆಗೆ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಮ್ಮೆ "ಅವಳಿಗೆ ಈಗಲೇ ಬೇಡ, ಹೆದರ್ಕೊಳ್ತಾಳೆ" ಎಂಬುದರ ಬಾಲ ಕಿವಿಗೆ ಬಿತ್ತು. ನನ್ನನ್ನು ಎಲ್ಲಿಗೋ ಕಳಿಸಿಬಿಡುತ್ತಾರೆ ಎಂದೇ ತೀರ್ಮಾನಿಸಿದೆ. ಅಮ್ಮ ಮಲಗಿರುವಾಗ ಕೈಕಾಲಿಗೆ ಅಡ್ಡ ಬರುವ, ಪುಸ್ತಕ ಹಿಡಿದು ಬಾಗಿಲಿಗೆ ಢಿಕ್ಕಿ ಹೊಡೆಯುವ ಹುಡುಗಿ ಯಾರಿಗೆ ಬೇಕು? ಚಾಪೆ ಕಂಬಳಿಗಳ ಜೊತೆಗೆ ನನ್ನನ್ನೂ ಸುತ್ತಿ ಎತ್ತಿಡುವ ಯೋಚನೆ ಇರಬೇಕು. ಅಪ್ಪನನ್ನು ಹಿಡಿದು ನಿಲ್ಲಿಸಿ, "ನನ್ನ ಟೇಪು ಎಲ್ಲಿ?" ಎಂದು ಕೇಳಿದೆ. ನಾನು ಅಷ್ಟು ನೇರವಾಗಿ ಕೇಳಿದ್ದು ಅವನಿಗೇ ಆಶ್ಚರ್ಯ. ಗಂಟಲು ಸರಿಮಾಡಿಕೊಂಡು, "ನಿಮ್ಮಮ್ಮನ್ನೇ ಕೇಳು. ನಾನು ಬರೀ ಡ್ರೈವರ್ರು, ರೂಟು ಹಾಕೋರು ಬೇರೆ" ಎಂದ. ಹಾಗೆನ್ನುವಾಗ ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟ. ಅಪ್ಪ ಸುಮ್ಮಸುಮ್ಮನೆ ತಲೆ ಮೇಲೆ ಕೈಯಿಡುವವನಲ್ಲ. ನನ್ನ ಅನುಮಾನ ಇನ್ನೂ ದಪ್ಪವಾಯಿತು.

ಮೊನ್ನೆ ಗುರುವಾರ ಆಪರೇಷನ್ನಿಗೆ ಮೊದಲಿನ ತಪಾಸಣೆ. ಅಮ್ಮ ಅಪ್ಪನ ಜೊತೆ ನನ್ನನ್ನೂ ಹೊರಡಿಸಿದಳು, ಅತ್ತೆಯನ್ನು ಬಿಟ್ಟು. ಕಿಟಕಿಯಿಲ್ಲದ ಪುಟ್ಟ ಕೋಣೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೊಂಟದ ಕೀಲು, ಅದರ ಗುಂಡನ್ನು ಬಟ್ಟಲಿಂದ ಬಿಡಿಸಿ ಮತ್ತೆ ಕೂರಿಸುವುದರಲ್ಲಿ ಅಪ್ಪ ಮಗ್ನ. ಅರಿವಳಿಕೆಯ ಡಾಕ್ಟರು ಬಂದು ಕೂತರು. ನಿಧಾನವಾಗಿ ಮಾತಾಡುವ, ಕನ್ನಡಕ ಹಣೆಗೇರಿಸಿದ ಹೆಂಗಸು. ಅವರು ಅಮ್ಮನ ಎದೆಯ ವಿಷಯವನ್ನು ಹೀಗೆ ಎತ್ತಿದರು, ನಮಗೆಲ್ಲ ಗೊತ್ತಿರುವುದನ್ನು ಮತ್ತೊಮ್ಮೆ ನೆನಪಿಸುವ ಹಾಗೆ: ಹೃದಯದ ಒಂದು ಕವಾಟ ಸಡಿಲವಾಗಿದೆ, ಆಪರೇಷನ್ ಮಾಡಬಾರದು ಎನ್ನುವಷ್ಟಲ್ಲ, ಆದರೆ ಎಲ್ಲರಿಗಿಂತ ಇವರಿಗೆ ಅಪಾಯ ಸ್ವಲ್ಪ ಹೆಚ್ಚು. ಅಪ್ಪನ ಕೈಲಿದ್ದ ಗುಂಡು ಉರುಳಿ ಮೇಜಿನ ಕೆಳಗೆ ಹೋಯಿತು. ಅವನಿಗೂ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಗೊತ್ತಿದ್ದೂ ಕೇಳಿಸಿಕೊಳ್ಳಲು ತಯಾರಿರಲಿಲ್ಲ. ನಾನು ಗುಂಡು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಕೂತೆ. ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಕೂತೆ. ಮೆಟ್ಟಿಲ ಮೇಲೆ ನಾನು ಕಂಡದ್ದು ಸರಿಯಾಗಿತ್ತು ಎಂದು ಒಂದು ತರಹದ ಸಮಾಧಾನವೂ ಆಯಿತು, ಅಣ್ಣಾ. ಅಂಥ ಸಮಾಧಾನ ಯಾವ ವೈರಿಗೂ ಬೇಡ.

ಡಾಕ್ಟರು ಹೋದ ಮೇಲೆ ಒಬ್ಬ ಹಿರಿಯ ನರ್ಸ್ ಬಂದು ಒಂದೊಂದೇ ಪ್ರಶ್ನೆ ಕೇಳಿದಳು. ಮನೆಯಲ್ಲಿ ಮೆಟ್ಟಿಲಿದೆಯೇ, ಬಚ್ಚಲಲ್ಲಿ ಹಿಡಿಕೆಯಿದೆಯೇ, ಮೊದಲ ವಾರಗಳಲ್ಲಿ ಜೊತೆಗೆ ಯಾರಿರುತ್ತಾರೆ. ಎಲ್ಲಕ್ಕೂ ಅಮ್ಮನ ಹತ್ತಿರ ಉತ್ತರ ಸಿದ್ಧ. ಟೇಪಿನ ಕಥೆ ಕೇಳಿ ನರ್ಸ್ ಪೆನ್ನು ಕೆಳಗಿಟ್ಟು ನಕ್ಕಳು. ಆಮೇಲೆ ಅದೇ ದನಿಯಲ್ಲಿ, "ಅಕಸ್ಮಾತ್ ನಿಮಗೆ ಮಾತಾಡೋಕೆ ಆಗದ ಪರಿಸ್ಥಿತಿ ಬಂದ್ರೆ, ನಿಮ್ಮ ಪರವಾಗಿ ನಮ್ಮ ಹತ್ರ ಮಾತಾಡೋರು ಯಾರು? ಒಬ್ಬರ ಹೆಸರು ಹೇಳ್ಬೇಕು" ಎಂದಳು. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ನಾನು ನಿನ್ನ ಹೆಸರು ಬರುತ್ತದೆ ಎಂದು ಕಾಯುತ್ತಿದ್ದೆ. ಅಮ್ಮ ನನ್ನ ಕಡೆ ಕೈ ತೋರಿಸಿ, "ಇವಳು" ಎಂದಳು.

ನರ್ಸ್ ನನ್ನನ್ನು ಆಗ ಮೊದಲ ಸಲ ನೋಡಿದಳು ಎಂದು ಕಾಣುತ್ತದೆ. ಕೋಣೆಗೆ ಬಂದಾಗಿನಿಂದ ನಾನು ತುಟಿ ಎರಡು ಮಾಡಿರಲಿಲ್ಲ. "ಇವರಾ? ಇವರು... ಮಾತಾಡ್ತಾರಾ?" ಎಂದಳು, ತಮಾಷೆಯಾಗಿ ಅಲ್ಲ, ನಿಜವಾದ ಕಾಳಜಿಯಿಂದ. ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅದಕ್ಕೇ ಇವಳು. ನಮ್ಮನೇಲಿ ಮಿಕ್ಕವರೆಲ್ಲ ತಮ್ಮ ತಮ್ಮ ಮಾತು ಆಡೋರು. ಇವರಪ್ಪ ಅಳ್ತಾರೆ, ಮಗ ಕೂಗ್ತಾನೆ, ನಾದಿನಿ ಎರಡೂ ಮಾಡ್ತಾಳೆ. ನನಗೆ ಬೇಕಾಗಿರೋದು ನನ್ನ ಮಾತು ಆಡೋರು." ಅಪ್ಪ "ನಾನೆಲ್ಲಿ ಅಳ್ತೀನಿ?" ಎಂದ. ಎಂದವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ನರ್ಸ್ ನನ್ನ ಒಪ್ಪಿಗೆ ಕೇಳಿದಳು. ತಲೆ ಆಡಿಸಿದೆ. "ಬಾಯಲ್ಲಿ ಹೇಳ್ಬೇಕಮ್ಮ" ಎಂದಳು. ಹೇಳಿದೆ.

ಹೊರಗೆ ಬಂದಾಗ ಅಪ್ಪ ಬಸ್ಸು ನೋಡಿಬರುತ್ತೇನೆಂದು ಹೋದ; ನಮ್ಮಿಬ್ಬರನ್ನು ಬಿಟ್ಟು ಹೋಗಲಿಕ್ಕೇ ಹೋದದ್ದು. ಆಸ್ಪತ್ರೆಯ ಗೋಡೆಯ ಪಕ್ಕ ಕಲ್ಲಿನ ಬೆಂಚಿದೆ. ಅಮ್ಮ ತಗ್ಗಾದ ಬೆಂಚಿನ ಮೇಲೆ ಕೂರಲಾರದೆ ನಿಂತೇ ಇದ್ದಳು, ನಾನೂ ನಿಂತೆ. ನನ್ನ ಟೇಪು ಎಲ್ಲಿ ಎಂದು ಅವಳನ್ನೇ ಕೇಳಿದೆ. "ಪ್ರಾಂಪ್ಟರ್‌ಗೆ ಎಲ್ಲಾದ್ರೂ ರಂಗದ ಮೇಲೆ ಗುರುತು ಹಾಕ್ತಾರೇನೇ?" ಎಂದಳು. ನನಗೆ ಒಮ್ಮೆಲೇ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅವಳ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಎಷ್ಟೋ ನಾಟಕ ನೋಡಿದ್ದೇನೆ, ನಾಟಕಕ್ಕಿಂತ ಹೆಚ್ಚಾಗಿ ಅವಳನ್ನು. ಬೆರಳು ಸಾಲಿನ ಕೆಳಗೆ ಜಾರುತ್ತಿತ್ತು, ತುಟಿ ನಟರ ಜೊತೆಗೆ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ನಟ ಸುಮ್ಮನಾದ ಕೂಡಲೇ ಅವಳು ಬಾಯಿ ಹಾಕುತ್ತಿರಲಿಲ್ಲ. ಮರೆತು ಸುಮ್ಮನಾದನೋ, ಪಾತ್ರವೇ ಸುಮ್ಮನಾಗಿದೆಯೋ ಎಂದು ಕಾಯುತ್ತಿದ್ದಳು. ಅವನ ಕಣ್ಣು ಈ ಕಡೆ ತಿರುಗಿದರೆ ಮಾತ್ರ ಎರಡು ಪದ. ಇಡೀ ಸಾಲಲ್ಲ, ಎರಡೇ ಪದ. ತನ್ನದೊಂದು ಅಕ್ಷರ ಸೇರಿಸುತ್ತಿರಲಿಲ್ಲ, ನಾಟಕಕಾರ ಬರೆದದ್ದು ಅವಳಿಗೆ ಎಷ್ಟೇ ಕೆಟ್ಟದೆನಿಸಿದ್ದರೂ. ನನಗೆ ಅವಳು ಅಲ್ಲಿ ನಿಂತು ಹೇಳಿದ್ದೂ ಅಷ್ಟೇ: ಅವಸರ ಮಾಡಬಾರದು, ನನ್ನ ಮಾತು ಸೇರಿಸಬಾರದು. ಆಮೇಲೆ ತನಗೆ ಏನು ಬೇಕು, ಏನು ಬೇಡ ಎಂದು ಹೇಳಿದಳು. "ನಾಟಕದ ಮಾತಲ್ಲಿ ಹೇಳಲ್ಲ, ಡಾಕ್ಟ್ರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ, ಕೇಳ್ಕೋ" ಎಂದು ಮೊದಲೇ ಎಚ್ಚರಿಸಿದಳು. ಎರಡು ಸಲ ಹೇಳಿದಳು. ಮೂರನೆಯ ಸಲ ನನ್ನಿಂದ ಹೇಳಿಸಿದಳು. ನಡುವೆ ಆಂಬುಲೆನ್ಸ್ ಬಂತು, ಅದು ಹೋಗುವವರೆಗೂ ಇಬ್ಬರೂ ಕಾದೆವು. ಅಷ್ಟರಲ್ಲಿ ಅಪ್ಪ ಬಸ್ಸನ್ನೇ ಕೈಹಿಡಿದು ಕರೆತಂದವನ ಹಾಗೆ ಅದರ ಮುಂಬಾಗಿಲಲ್ಲಿ ನೇತಾಡುತ್ತಾ ಬಂದ, ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಅತ್ತೆ ಬೂದು ಬಣ್ಣದ ಆ ಜೋಡಿಯನ್ನು ನನ್ನ ಮುಂದೆ ತಂದಿಟ್ಟಳು. ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಇರುವವಳು ನಾನು. ವಾರ್ಡಿನಲ್ಲಿ ಸದ್ದಾಗದಂತೆ ನಡೆಯಲು. ರಂಗದ ಪಕ್ಕ ಅಮ್ಮ ಹಾಕುತ್ತಿದ್ದದ್ದೂ ಇಂಥವೇ. "ಹೇಳಿದ್ರೆ ಆಗ್ಲೇ ಹೆದರ್ಕೊಂಡು ಊಟ ಬಿಡ್ತಿದ್ದೆ" ಎಂದಳು ಅತ್ತೆ. "ಹೇಳದೇ ಇದ್ದದ್ದಕ್ಕೆ ಬಿಟ್ಟಿದ್ದೆ" ಎಂದೆ. ಅವಳು ಗಾಬರಿಯಾಗಿ ಕೈಗೆ ಸಿಕ್ಕಿದ ಟವೆಲು ಮಡಿಸಿದಳು.

ಹಾಗಾಗಿ ಮನೆಯವರ ಮೇಲಿನ ನನ್ನ ಅನುಮಾನಗಳೆಲ್ಲ ಒಂದೊಂದಾಗಿ ತೀರಿದವು. ಈಗ ಉಳಿದಿರುವವರು ಇಬ್ಬರು. ಮೊದಲನೆಯವನು ನೀನು. ನಿನಗೆ ಎದೆಯ ವಿಷಯವನ್ನು ಅಮ್ಮ ಎಷ್ಟು ಹೇಳಿದ್ದಾಳೋ ಗೊತ್ತಿಲ್ಲ; ಎತ್ತಿ ಹಿಡಿಯಲು ಗಟ್ಟಿ ಆಳು ಬೇಕು ಎಂದಷ್ಟೇ ಹೇಳಿ ಕರೆಸಿದ್ದಾಳೆ ಎಂದು ನನ್ನ ಊಹೆ. ಅದಕ್ಕೇ ನಾನು ಬರೆಯುತ್ತಿರುವುದು. ನಿನಗೆ ಪ್ರೀತಿ ಬಂದರೂ ಕೂಗು, ಭಯವಾದರೂ ಕೂಗು. ಎರಡೂ ಒಟ್ಟಿಗೆ ಬಂದ ದಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನೀನು ಡಾಕ್ಟರ ಮೇಲೆ, ಆಮೇಲೆ ನನ್ನ ಮೇಲೆ ಎಗರುವುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ಇವಳ ಮಾತೇನು ಕೇಳ್ತೀರಿ, ಇವಳು ಚಿಕ್ಕವಳು" ಎನ್ನುತ್ತೀಯ. ಎನ್ನುವುದಿಲ್ಲವೇ? ಎದೆ ಮುಟ್ಟಿಕೊಂಡು ಹೇಳು. ಎರಡನೆಯವಳು ನಾನೇ. ಅವಳ ಮಾತು ಹೇಳಬೇಕಾದ ಹೊತ್ತಿಗೆ ನನ್ನ ಬಾಯಿಂದ ನನ್ನದೇ ಮಾತು ಹೊರಟುಬಿಟ್ಟರೆ? "ಇನ್ನೂ ಸ್ವಲ್ಪ ದಿನ, ಇನ್ನೂ ಸ್ವಲ್ಪ ದಿನ" ಎಂದು ನಾನು ಬೇಡಿಕೊಳ್ಳತೊಡಗಿದರೆ ಅದು ಅಮ್ಮನ ಮಾತಲ್ಲವೆಂದು ಅಲ್ಲಿ ಯಾರಿಗೆ ತಿಳಿಯಬೇಕು? ನೀನಂತೂ ಇನ್ನೂ ಜೋರಾಗಿ ಅದನ್ನೇ ಹೇಳುತ್ತೀಯ.

ಇದೆಲ್ಲ ಓದಿ ಕೆಲಸದ ಮೇಲಿನ ಗಮನ ತಪ್ಪಿಸಿಕೊಳ್ಳಬೇಡ. ಡಾಕ್ಟರು ಹೇಳಿದ್ದು ಸ್ವಲ್ಪ ಅಪಾಯವೆಂದೇ, ಬಹಳವೆಂದಲ್ಲ. ಅಮ್ಮ ಈಗ ಹೊರಗೆ ಅಪ್ಪನಿಗೆ ಅನ್ನಕ್ಕೆ ನೀರು ಎಷ್ಟು ಇಡಬೇಕೆಂದು ಕುರ್ಚಿಯ ಮೇಲಿಂದಲೇ ಹೇಳಿಕೊಡುತ್ತಿದ್ದಾಳೆ, ಅಪ್ಪ ಇಂಜಿನ್ನಿಗೆ ನೀರು ಹಾಕಿದ ಅನುಭವವನ್ನು ಅವಳಿಗೆ ಹೇಳುತ್ತಿದ್ದಾನೆ. ಅತ್ತೆ ಅಲ್ಲಿಂದಲೇ ನಿನಗೆ ಪ್ರೀತಿ ತಿಳಿಸಿದ್ದಾಳೆ. ನಿನ್ನ ಅಂಗಿಗಳ ಕಾಲರು ಹಾಳು ಮಾಡಿಕೊಂಡು ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಾಳಂತೆ. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊ. ನೀನು ನಿಲ್ಲುವ ಕಡೆ ಮೇಲಿನಿಂದ ಏನೂ ಬೀಳದಿರಲಿ, ಬರುವ ದಾರಿ ಸುಗಮವಾಗಿರಲಿ ಎಂದು ದಿನವೂ ಅಂದುಕೊಳ್ಳುತ್ತೇನೆ.

ನಿನ್ನ
ಬಾಯಿಬೀಗ

ತಾ.ಕ.: ಅಪ್ಪ ಇದನ್ನು ಅಂಚೆಪೆಟ್ಟಿಗೆಗೆ ಹಾಕಿಬರಲು ಹೊರಟು ಬಾಗಿಲಲ್ಲಿ ನಿಂತು ಹಾರನ್ ಹೊಡೆದ ಹಾಗೆ ಕೆಮ್ಮುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ನಿನಗೆ ಹೇಳು ಎಂದು ಅಮ್ಮ ಹೇಳಿಲ್ಲ, ಹೇಳಬೇಡ ಎಂದೂ ಹೇಳಿಲ್ಲ. ಅವಳ ಮಾತು ಇಷ್ಟು, ಆ ಬೆಂಚಿನ ಹತ್ತಿರ ಅವಳು ಹೇಳಿದ ಹಾಗೆಯೇ: "ಪ್ರಯತ್ನ ಮಾಡಿ. ಉಸಿರಾಡಿಸೋ ಮೆಷಿನ್ನು ಬೇಕಾದ್ರೆ ಹಾಕಿ, ನಾನು ವಾಪಸ್ ಬರೋಕೆ ದಾರಿ ಇರೋವರೆಗೂ ಹಾಕಿ. ದಾರಿ ಇಲ್ಲ ಅಂತ ಡಾಕ್ಟ್ರು ಖಚಿತವಾಗಿ ಹೇಳಿದ್ಮೇಲೆ ತೆಗೆದ್ಬಿಡಿ. ನೋವಾಗದ ಹಾಗೆ ನೋಡ್ಕೊಳ್ಳಿ. ಯಾರಾದ್ರೂ ಒಬ್ರು ಕೈ ಹಿಡ್ಕೊಂಡಿರಿ." ಇದನ್ನು ಬಾಯಿಪಾಠ ಮಾಡಿಕೊ. ನಾನು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೇನೆ. ಪ್ರತಿ ಸಲವೂ "ದಾರಿ ಇರೋವರೆಗೂ ಹಾಕಿ" ಎನ್ನುವವರೆಗೆ ಸರಿಯಾಗಿ ಬರುತ್ತದೆ, ಅಲ್ಲಿ ನಿಂತುಬಿಡುತ್ತೇನೆ. ಆ ದಿನ ಬಾರದೇ ಇರಲಿ. ಬಂದು, ನಾನು ಅಲ್ಲಿಯೇ ನಿಂತುಬಿಟ್ಟರೆ, ನೀನು ನನ್ನ ಹಿಂದೆ ನಿಂತು ಮುಂದಿನ ಎರಡು ಪದ ಎತ್ತಿಕೊಡಬೇಕು: "ದಾರಿ ಇಲ್ಲ." ಎರಡೇ ಪದ, ಮಿಕ್ಕದ್ದು ನಾನು ಹೇಳುತ್ತೇನೆ. ಮೆಲ್ಲಗೆ ಹೇಳಬೇಕು, ಅಣ್ಣಾ. ಆಗುತ್ತದೆ ಎಂದು ಒಂದು ಸಾಲು ಬರೆದು ಹಾಕು. ಅಲ್ಲಿಯವರೆಗೆ ಆ ಕ್ರೇನಿನ ಕೆಳಗೆ ನಿಂತು ಪಿಸುಗುಟ್ಟುವುದನ್ನು ಕಲಿ.